ಕಾಣದ ಚೆಂಡಿಗೆ ಎತ್ತಿದ ಬಾವುಟ

ಮೊದಲೇ ಹೇಳಿಬಿಡುತ್ತೇನೆ: ಆ ಚೆಂಡನ್ನು ನಾನು ನೋಡಿರಲಿಲ್ಲ. ನೋಡಲೆಂದೇ ನನ್ನ ಕೈಗೆ ಕೆಂಪು ಬಾವುಟ ಕೊಟ್ಟು ಗೆರೆಯ ಮೂಲೆಯಲ್ಲಿ ನಿಲ್ಲಿಸಿದ್ದರು. ನಾನು ಆಟಕ್ಕೆ ಬೆನ್ನು ಹಾಕಿ ಜನರನ್ನು ನಗಿಸುತ್ತಿದ್ದೆ.

ಬಬಲೇಶ್ವರದಲ್ಲಿ ವಾಲಿಬಾಲ್ ಪಂದ್ಯಾವಳಿ. ನಮ್ಮ ಕಡೆ ಮೊದಲು ಸೋತು ಕೂತವರೇ ಲೈನ್ ಅಂಪೈರ್ ಆಗಬೇಕು. ನಮ್ಮ ತಿಕೋಟಾ ತಂಡ ಎಷ್ಟು ಬೇಗ ಸೋತಿತ್ತೆಂದರೆ, ಕಟ್ಟಿಕೊಂಡು ಹೋದ ಬುತ್ತಿ ಇನ್ನೂ ಬೆಚ್ಚಗಿತ್ತು. ಅಂಪೈರ್ ಒಬ್ಬ ನಿವೃತ್ತ ದೈಹಿಕ ಶಿಕ್ಷಕರು. ಚೆಂಡು ಒಳಗೆ ಬಿದ್ದರೆ ಬಾವುಟ ಕೆಳಗೆ, ಹೊರಗೆ ಬಿದ್ದರೆ ಮೇಲೆ ಎಂದು ಕಲಿಸಿದರು. ಆಮೇಲೆ ಒಂದು ಮಾತು ಸೇರಿಸಿದರು: "ಕಾಣಲಿಲ್ಲಂದ್ರ ಎರಡೂ ಕೈ ಎದಿ ಮ್ಯಾಲೆ ಅಡ್ಡ ಇಟ್ಕೋ. ನಾಚ್ಕೋಬ್ಯಾಡ. ಆ ಪಾಯಿಂಟ್ ಮತ್ತ ಆಡಸ್ತೀನಿ."

ಅದು ನನ್ನ ತಲೆಗೆ ಅಷ್ಟಾಗಿ ಇಳಿಯಲಿಲ್ಲ. ಇಳಿದದ್ದು, ಸೀಟಿ ಊದುವ ಮೊದಲು ಪ್ಯಾಂಟು ಮೇಲೆಳೆದುಕೊಳ್ಳುವ, ಊದಿದ ಮೇಲೆ ಕೆಮ್ಮುವ ಅವರ ಚಟ.

ಫೈನಲ್‌ನಲ್ಲಿ ಹೊನವಾಡದ ತಂಡವಿತ್ತು. ಅದರಲ್ಲಿ ಎಲ್ಲರಿಗಿಂತ ಎತ್ತರದವನು ನನ್ನ ಗೆಳೆಯ. ಕಾಲೇಜಿಗೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಗೆದ್ದ ತಂಡ ವಿಜಯಪುರಕ್ಕೆ ಹೋಗಿ ಜಿಲ್ಲಾ ಆಯ್ಕೆಗಾರರ ಮುಂದೆ ಆಡುವುದಿತ್ತು. ವಯಸ್ಸಿನ ಮಿತಿಯಲ್ಲಿ ಅವನಿಗೆ ಅದೇ ಕೊನೆಯ ವರ್ಷ. ಹಿಂದಿನ ದಿನ ಬಸ್ಸಿನಲ್ಲಿ ಅದನ್ನು ಗಂಭೀರವಾಗಿ ಹೇಳಿಕೊಂಡಿದ್ದ. ನಾನು ಅವನದೇ ದನಿಯಲ್ಲಿ ತಿರುಗಿ ಒಪ್ಪಿಸಿ ಇಡೀ ಬಸ್ಸನ್ನು ನಗಿಸಿದ್ದೆ.

ಕೊನೆಯ ಸೆಟ್. ಹೊನವಾಡದ ಎದುರಾಳಿಗಳಿಗೆ ಗೆಲ್ಲಲು ಇನ್ನೊಂದೇ ಪಾಯಿಂಟ್ ಸಾಕು. ನನ್ನ ಹಿಂದೆ ಕೂತಿದ್ದ ಯಾರೋ, "ಲೇ, ಅಂಪೈರ್ ಮಾಸ್ತರಂದೊಂದು ಮಾಡಲೇ" ಅಂದರು. ತಿರುಗಿ ಪ್ಯಾಂಟು ಎಳೆದುಕೊಂಡೆ, ಕೆಮ್ಮಿದೆ. ಜನ ನಕ್ಕರು. ಅಷ್ಟರಲ್ಲಿ ಧಪ್ ಎಂಬ ಸಪ್ಪಳ. ಮತ್ತೆ ಇತ್ತ ತಿರುಗಿದಾಗ ಆಚೆ ಬದಿಯಿಂದ ಗೆಳೆಯ ಹೊಡೆದ ಚೆಂಡು ನನ್ನ ಕಾಲ ಬಳಿ ಉರುಳುತ್ತಿತ್ತು. ಅಂಪೈರ್ ನನ್ನನ್ನೇ ನೋಡುತ್ತಿದ್ದರು.

ಎದೆಯ ಮೇಲೆ ಕೈ ಅಡ್ಡ ಇಟ್ಟರೆ ಮೈದಾನವೇ ನನ್ನನ್ನು ನೋಡಿ ನಗುತ್ತದೆ. ಎಲ್ಲರನ್ನೂ ಅಣಕಿಸುವ ನನಗೆ ಅದೊಂದು ಆಗುತ್ತಿರಲಿಲ್ಲ. ಬಾವುಟ ಎತ್ತಿದೆ.

ಗೆಳೆಯ ಓಡಿ ಬಂದು ಚೆಂಡು ಎತ್ತಿ ತೋರಿಸಿದ. ಗೆರೆಯ ಸುಣ್ಣ ಅದಕ್ಕೆ ಮೆತ್ತಿತ್ತು.

"ಸುಣ್ಣ ಮುಂಜಾನಿಂದ ಹತ್ತಾಕತ್ತದ, ಅದನ್ನ ಹಿಡಿಯಾಕ ಬರಂಗಿಲ್ಲ" ಎನ್ನುತ್ತ ಅಂಪೈರ್ ನನ್ನ ಹತ್ತಿರ ಬಂದರು. "ಖರೇ ಹೇಳು. ನೀ ನೋಡೀಯೇನಪಾ?"

"ನೋಡೇನ್ರಿ ಸರ್. ಔಟ್."

ಗೆಳೆಯ ನನ್ನ ಮುಖವನ್ನೇ ನೋಡಿದ. ಜಗಳ ತೆಗೆಯಲಿಲ್ಲ. ಚೆಂಡನ್ನು ನನ್ನ ಕಾಲ ಬಳಿ ಮೆಲ್ಲಗೆ ಇಟ್ಟು ಹೋದ. ಅಲ್ಲಿಗೆ ಫೈನಲ್ ಮುಗಿಯಿತು.

ಬಸ್ಸಿನಲ್ಲಿ ಅವನು ಮುಂದೆ, ನಾನು ಹಿಂದೆ ಕೂರುವುದಾಯಿತು. ಆಮೇಲೆ ಅವನು ಕಾಲೇಜೂ ಬಿಟ್ಟ. ಎರಡು ವರ್ಷದ ನಂತರ ವಿಜಯಪುರದ ಬಸ್ ನಿಲ್ದಾಣದಲ್ಲಿ ಸಿಕ್ಕ. ದ್ರಾಕ್ಷಿ ಕ್ರೇಟು ಹೊತ್ತು ಹೊತ್ತು, ಚೆಂಡು ಹೊಡೆಯುತ್ತಿದ್ದ ಭುಜ ಒಂದು ಬದಿಗೆ ಇಳಿದಿತ್ತು. ಹಳೆಯ ಚಟ, ಅಭಿನಯಿಸಿಯೇ ತೋರಿಸಿದೆ: ಎರಡೂ ಕೈ ಎದೆಯ ಮೇಲೆ ಅಡ್ಡ. ಅವನು ನಗಲಿಲ್ಲ.

"ಅವತ್ತ ನಾ ನೋಡಿರಲಿಲ್ಲೋ" ಅಂದೆ. "ಮಂದಿ ಕಡೆ ಮಾರಿ ಮಾಡಿದ್ದೆ. ಗೊತ್ತಿದ್ರ ನೀನರ ಮಾಸ್ತರಿಗೆ ಹೇಳಬೇಕಿತ್ತು."

"ಹಾರಿದಾಗನ ನಿನ್ನ ಬೆನ್ನ ಕಂಡಿತ್ತಲೇ ನನಗ. ಮಾಸ್ತರು ಕೇಳಿದಾಗ ನೀನ ಖರೇ ಹೇಳ್ತಿ ಅಂತ ಸುಮ್ಮ ನಿಂತಿದ್ದೆ."