ಮೇಲಿನ ಗುಂಡಿಯ ನೊರೆ

ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ ಇದ್ದಾಗಿನ ಮಾತು. ಸಾಗರದಲ್ಲಿ ಕುಡಿಯುವ ನೀರಿನ ಪ್ರಯೋಗಾಲಯವೊಂದರಲ್ಲಿ ನಾನು ಹಿರಿಯ ವಿಶ್ಲೇಷಕಿಯಾಗಿದ್ದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳ ಬಾವಿ, ಬೋರ್‌ವೆಲ್, ಹಳ್ಳಗಳ ನೀರು ಬಾಟಲಿ ಹತ್ತಿ ನನ್ನ ಮೇಜಿಗೆ ಬರುತ್ತಿತ್ತು. ಹುದ್ದೆಯ ಹೆಸರು ದೊಡ್ಡದು. ಕೆಲಸವೆಂದರೆ ಬಾಟಲಿ ಅಲುಗಿಸುವುದು, ಹನಿ ಹಾಕುವುದು, ಬಣ್ಣ ನೋಡುವುದು, ವರದಿ ಬರೆಯುವುದು. ತುಮರಿ ಕಡೆಯ ನೀರು ತರಬೇಕಾದಾಗ ನಾನೇ ಹೋಗುತ್ತಿದ್ದೆ, ಅದು ನನ್ನ ತವರೂರಿನ ಕಡೆ. ಐಸ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿನ್ನೀರು ದಾಟುವ ಲಾಂಚಿನಲ್ಲಿ ಕೂತರೆ ಪಕ್ಕದವರು "ಮೇಡಮ್, ಮೀನಾ?" ಎಂದು ಕೇಳುತ್ತಿದ್ದರು. ಈಗ ಸೇತುವೆ ಬಂದಿದೆ, ಕಾರು ಸರ್ರನೆ ದಾಟುತ್ತದೆ. ನನಗೆ ಮಾತ್ರ ಆ ಲಾಂಚಿನ ಸದ್ದು, ಆ ಪೆಟ್ಟಿಗೆಯ ತಣ್ಣನೆಯ ಭಾರ ಈಗಲೂ ಬೇಕೆನಿಸುತ್ತದೆ.

ಆ ವರ್ಷ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮೊಬೈಲಿಗೆ ವಿಡಿಯೊ ಬಂತು. ಹೊಸನಗರ ತಾಲ್ಲೂಕಿನಲ್ಲಿ ಹುಲಿಕಲ್ ರಸ್ತೆಯಿಂದ ಒಳಗಿರುವ ಒಂದು ಹಳ್ಳಿ. ಹಳ್ಳದ ಕಲ್ಲುಗಳ ಸಂದಿನಲ್ಲಿ ಬಿಳಿ ನೊರೆ, ನೊರೆಯ ಪಕ್ಕದಲ್ಲಿ ಹೊಟ್ಟೆ ಮೇಲಾದ ಮೀನುಗಳು. ಹಿನ್ನೆಲೆಯಲ್ಲಿ ಒಬ್ಬರ ಧ್ವನಿ: "ನೋಡಿ, ಸಂಘದೋರ ಸೋಪಿನ ಪುಡಿ ಎಂತ ಮಾಡಿದೆ ಅಂತ!" ಅದೇ ಹಳ್ಳದ ದಂಡೆಯಲ್ಲಿ ಪಂಚಾಯಿತಿಯ ಹಳೆಯ ಶೆಡ್ಡು. ಅದರಲ್ಲಿ ಮಹಿಳಾ ಸಂಘದವರು ಬಟ್ಟೆ ತೊಳೆಯುವ ಪುಡಿ ತಯಾರಿಸುತ್ತಿದ್ದರು. ಶೆಡ್ಡಿಗೆ ಬೀಗ ಹಾಕಬೇಕು ಎಂದು ಊರಿನವರು ಪಟ್ಟು ಹಿಡಿದಿದ್ದರು. ಬೀಗಕ್ಕೆ ಮೊದಲು ನೀರಿನ ವರದಿ ಬೇಕು ಎಂದು ಪಂಚಾಯಿತಿ ಕೇಳಿದ್ದರಿಂದ, ಮಾರನೆಯ ಬೆಳಗ್ಗೆ ಪೆಟ್ಟಿಗೆ ಹಿಡಿದು ಬಸ್ಸು ಹತ್ತಿದೆ.

ಶೆಡ್ಡಿನ ಬಾಗಿಲಲ್ಲಿ ಸಂಘದ ಅಧ್ಯಕ್ಷೆ ಗಿರಿಜಮ್ಮ ನಿಂತಿದ್ದರು. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಕಣ್ಣು ಕೆಂಪಾಗಿತ್ತು, ಮಾತು ಮಾತ್ರ ಅಳುಕಿರಲಿಲ್ಲ. "ಬಂದ್ರಾ ಮೇಡಮ್? ಒಳಗ್ ಬನ್ನಿ. ಎಂತ ಹಾಕ್ತೀವಿ, ಎಲ್ಲಿ ತೊಳೀತೀವಿ, ಎಲ್ಲಾ ನೋಡ್ಕಳ್ಳಿ. ತಪ್ಪಿದ್ರೆ ನಾನೇ ಬೀಗ ಹಾಕ್ತೀನಿ."

ನೋಡಿದೆ. ವಾಷಿಂಗ್ ಸೋಡಾ, ಉಪ್ಪು, ಬಣ್ಣ, ಮತ್ತೆ ಆ್ಯಸಿಡ್ ಸ್ಲರಿ ಎಂಬ ಕಂದು ಬಣ್ಣದ ಮಂದ ದ್ರವ. ಪುಡಿಗೆ ಡಿಟರ್ಜೆಂಟ್ ಗುಣ ಕೊಡುವುದು ಈ ಸ್ಲರಿಯೇ. ನೆಲ ತೊಳೆದ ನೀರು ಹಿತ್ತಲಿನ ಇಂಗುಗುಂಡಿಗೆ ಹೋಗುತ್ತಿತ್ತು. ಗುಂಡಿ ಮುಕ್ಕಾಲು ತುಂಬಿತ್ತು. ಉಕ್ಕಿ ಹರಿದ ಗುರುತು ಇರಲಿಲ್ಲ. ಆದರೂ ಗದರಿದೆ: "ಮಳೆಗಾಲದೊಳಗೆ ಇನ್ನೊಂದು ತೋಡಿಸಿ. ಇದು ಸಾಲದು." ಅವರು ತಲೆಯಾಡಿಸಿದರು.

ಅಷ್ಟರಲ್ಲಿ ವಿಡಿಯೊದ ಧ್ವನಿಯ ಒಡೆಯ ಬಂದ. ಪಂಚಾಯಿತಿ ಸದಸ್ಯ ಶ್ರೀಧರ. ಅವನ ಜೊತೆ ಗಿರಿಜಮ್ಮನ ಗಂಡ ಚೌಡಪ್ಪನೂ ಇದ್ದ. ಹೆಂಡತಿಯ ಮೇಲೆ ಊರೇ ತಿರುಗಿ ಬಿದ್ದಿದ್ದರೂ ಆತ ಅವಳ ಪಕ್ಕ ನಿಲ್ಲದೆ ಶ್ರೀಧರನ ಹಿಂದೆ ನೆಲ ನೋಡುತ್ತಾ ನಿಂತಿದ್ದು ನನಗೆ ಸರಿಬರಲಿಲ್ಲ.

"ಮೊನ್ನೆ ರಾತ್ರಿ ಅಡ್ಡಮಳೆ ಬಂತಲ್ಲ ಮೇಡಮ್, ಆಗ ಇವ್ರ ಗುಂಡಿ ತುಂಬಿ ಹಳ್ಳಕ್ಕೆ ಹೋಗಿದೆ. ಇದ್ರಲ್ಲಿ ಪರೀಕ್ಷೆ ಮಾಡೋದೆಂತ ಇದೆ?" ಎಂದ ಶ್ರೀಧರ. "ನೊರೆ ಕಾಣ್ತದಲ್ಲ!"

ಇಲ್ಲಿ ಸ್ವಲ್ಪ ಪಾಠ ಹೇಳಬೇಕು, ಬೇಸರ ಪಡಬೇಡಿ. ಮನೆಯಲ್ಲಿ ಕೊಳೆ ತೆಗೆಯುವುದೆಲ್ಲ ಡಿಟರ್ಜೆಂಟ್ ಅಲ್ಲ. ಹುಣಸೆಹಣ್ಣು ತಾಮ್ರದ ಕಿಲುಬನ್ನು ತನ್ನ ಹುಳಿಯಿಂದ ಕರಗಿಸುತ್ತದೆ. ಬೂದಿ, ವಾಷಿಂಗ್ ಸೋಡಾ ಕ್ಷಾರಗಳು, ಜಿಡ್ಡನ್ನು ಸಡಿಲಿಸುತ್ತವೆ. ಬ್ಲೀಚಿಂಗ್ ಪುಡಿ ಕಲೆಯ ಬಣ್ಣ ತೆಗೆಯುತ್ತದೆ, ಕ್ರಿಮಿ ಕೊಲ್ಲುತ್ತದೆ, ಜಿಡ್ಡಿನ ಗೊಡವೆಗೆ ಹೋಗುವುದಿಲ್ಲ. ಡಿಟರ್ಜೆಂಟ್ ಅಣುವಿನ ಒಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು, ಹೀಗೆ ಜಿಡ್ಡನ್ನು ಎಳೆದುಕೊಂಡು ಹೋಗುತ್ತದೆ. ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಸೇರಿಸಿ ಮಾಡುವ ಸೋಪಿನದೂ ಇದೇ ವಿದ್ಯೆ. ಅಂಟುವಾಳ, ಸೀಗೆಗಳಲ್ಲಿ ಸಪೋನಿನ್ ಎಂಬ ವಸ್ತುವಿದೆ, ಅದರದೂ ಇದೇ. ವಿಶಾಲ ಅರ್ಥದಲ್ಲಿ ಸೋಪು, ಅಂಟುವಾಳ, ಸೀಗೆ ಇವನ್ನೂ ಡಿಟರ್ಜೆಂಟ್ ಎನ್ನಬಹುದು. ಪ್ರಯೋಗಾಲಯದವರು ಮಾತ್ರ ಆ ಹೆಸರನ್ನು ಸ್ಲರಿಯಂಥ ಕಾರ್ಖಾನೆಯ ವಸ್ತುವಿಗೆ ಮೀಸಲಿಟ್ಟಿದ್ದೇವೆ. ನೊರೆ ಇವೆಲ್ಲಕ್ಕೂ ಬರುತ್ತದೆ. ಅದಕ್ಕೇ ನಾವು ನೊರೆಯನ್ನು ನಂಬುವುದಿಲ್ಲ, ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು ನಂಬುತ್ತೇವೆ. ನೀರಿಗೆ ಆ ನೀಲಿಯನ್ನೂ ಕ್ಲೋರೋಫಾರ್ಮನ್ನೂ ಹಾಕಿ ಕುಲುಕಿ ಇಟ್ಟರೆ ಭಾರವಾದ ಕ್ಲೋರೋಫಾರ್ಮ್ ತಳಕ್ಕೆ ಇಳಿಯುತ್ತದೆ. ಸ್ಲರಿಯಂಥ ಡಿಟರ್ಜೆಂಟ್ ಇದ್ದರೆ ನೀಲಿಯನ್ನು ಎಳೆದುಕೊಂಡು ತಳಕ್ಕೆ ಒಯ್ಯುತ್ತದೆ. ಇಲ್ಲದಿದ್ದರೆ ನೀಲಿ ಮೇಲಿನ ನೀರಿನಲ್ಲೇ ಉಳಿಯುತ್ತದೆ.

ಶೆಡ್ಡಿನ ಕೆಳಗೆ ಒಂದು ಬಾಟಲಿ ನೀರು ತುಂಬಿಕೊಂಡೆ. ಆಮೇಲೆ ಅಭ್ಯಾಸದಂತೆ ಹಳ್ಳದ ಮೇಲಕ್ಕೆ ಹೊರಟೆ. "ಅಲ್ಲೆಂತ ಇದೆ ಮೇಡಮ್? ಶೆಡ್ಡು ಇಲ್ಲಿದೆಯಲ್ಲ" ಎಂದ ಶ್ರೀಧರ. ನಾನು ದಂಡೆ ಹಿಡಿದು ನಡೆದೆ. ಶೆಡ್ಡು ದಾಟಿದ ಮೇಲೂ ಕಲ್ಲಿನ ಸಂದಿಯಲ್ಲಿ ಸತ್ತ ಮೀನುಗಳಿದ್ದವು. ಇನ್ನೂ ಮೇಲೆ ಹೋದರೆ ಮರಗಳ ನೆರಳಿನಲ್ಲಿ ಒಂದು ಗುಂಡಿ, ಬೇಸಿಗೆಯಲ್ಲಿ ಹರಿವು ನಿಂತ ಮೇಲೂ ನೀರು ಉಳಿಯುವಂಥದ್ದು. ಅಂಚಿಗೆಲ್ಲ ನೊರೆ ಕಟ್ಟಿತ್ತು. ಅಲ್ಲೂ ಒಂದು ಬಾಟಲಿ ತುಂಬಿಕೊಂಡೆ. ದಂಡೆಯ ಬಂಡೆಯ ಮೇಲೆ ಹಳದಿ ಬಣ್ಣದ ಕಾಯಿಗಳನ್ನು ಜಜ್ಜಿದ ಸಿಪ್ಪೆ, ಬೀಜ, ತಿರುಳು.

ಕಾರೆಕಾಯಿ! ನೋಡಿದ ತಕ್ಷಣ ನಮ್ಮಜ್ಜಿ ನೆನಪಾದಳು. ಅವಳ ಒಂದೇ ಒಂದು ರೇಷ್ಮೆ ಸೀರೆಗೆ ಸೋಪು ಮುಟ್ಟಿಸುವ ಹಾಗಿರಲಿಲ್ಲ. ಕಾರೆಕಾಯಿ ಜಜ್ಜಿ ನೆನೆಸಿ, ಆ ನೀರಿನಲ್ಲಿ ಮಗುವಿಗೆ ಸ್ನಾನ ಮಾಡಿಸಿದ ಹಾಗೆ ಸೀರೆಯನ್ನು ಅದ್ದುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ನೊರೆ ಊದುತ್ತಿದ್ದೆ. "ಆ ನೀರನ್ನ ದನ ಕುಡಿಯೋ ಬಾನಿ ಹತ್ರ ಚೆಲ್ಲಡ!" ಎಂದು ಕೂಗಿ ತಡೆಯುತ್ತಿದ್ದಳು. ಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಆ ತಿರುಳನ್ನು ಬೆರಳಿನಲ್ಲಿ ಉಜ್ಜಿದೆ. ನೊರೆ ಬಂತು. ಅಜ್ಜಿಯ ಒದ್ದೆ ಸೀರೆಯ ವಾಸನೆಯೇ ಬಂದ ಹಾಗಾಗಿ ಕಣ್ಣು ತುಂಬಿತು. ಸರ್ಕಾರಿ ಕೆಲಸದಲ್ಲಿ ಹಳ್ಳದ ದಂಡೆಯಲ್ಲಿ ಕೂತು ಅತ್ತದ್ದು ಅದೊಂದೇ ಸಲ.

ಮಲೆನಾಡಿನಲ್ಲಿ ಬೇಸಿಗೆಯ ಗುಂಡಿಗಳಿಗೆ ಕಾರೆಕಾಯಿ ಜಜ್ಜಿ ಹಾಕುವುದು ಹಳೆಯ ಚಾಳಿ. ಅದರ ಸಪೋನಿನ್ ಮೀನಿನ ಕಿವಿರನ್ನು ಕೆಡಿಸುತ್ತದೆ. ಮೀನು ಉಸಿರು ಸಿಗದೆ ಮರುಳಾಗಿ ಮೇಲೆ ಬರುತ್ತದೆ, ಜನ ಕೈಯಲ್ಲೇ ಹಿಡಿಯುತ್ತಾರೆ. ಗುಂಡಿಯ ನೀರು ಹರಿಯದಿದ್ದರೆ ಕೆಳಗಿನವರಿಗೆ ಸುದ್ದಿಯೇ ಆಗುವುದಿಲ್ಲ. ಈ ಸಲ ಅಡ್ಡಮಳೆ ಬಂದು ಗುಂಡಿ ಕೆಳಗೆ ಹರಿದಿತ್ತು.

ಶೆಡ್ಡಿನ ಅಂಗಳದಲ್ಲಿ ಸಭೆ ಸೇರಿತು. ಪೆಟ್ಟಿಗೆಯಲ್ಲಿ ತಂದಿದ್ದ ನೀಲಿ, ಕ್ಲೋರೋಫಾರ್ಮ್ ತೆಗೆದು ಬೆಂಚಿನ ಮೇಲೆ ಗಾಜಿನ ನಳಿಗೆಗಳನ್ನು ನಿಲ್ಲಿಸಿದೆ. ಸಂಘದ ಪುಡಿ ಕರಗಿಸಿದ ನೀರನ್ನು ಮೊದಲು ಕುಲುಕಿದೆ. ತಳ ಕಡುನೀಲಿಯಾಯಿತು. "ಹಾಂ!" ಎಂದಿತು ಜನ. ಆಮೇಲೆ ಶೆಡ್ಡಿನ ಕೆಳಗಿನ ಹಳ್ಳದ ನೀರು. ನೊರೆ ಬಂತು, ನೀಲಿ ಮೇಲೆಯೇ ಉಳಿಯಿತು. ಮೇಲಿನ ಗುಂಡಿಯ ನೀರಿನದೂ ಹಾಗೇ, ನೊರೆ ಮಾತ್ರ ಇನ್ನೂ ಜಾಸ್ತಿ. ಗಿರಿಜಮ್ಮ ನಳಿಗೆಗಳನ್ನೇ ನೋಡುತ್ತಿದ್ದರು.

"ಹಳ್ಳದ ನೀರಲ್ಲಿ ಇವರ ಪುಡಿ ಇಲ್ಲ" ಎಂದೆ. "ಮೇಲಿನ ಗುಂಡಿಗೆ ಕಾರೆಕಾಯಿ ಜಜ್ಜಿ ಹಾಕಿದ್ದು ಯಾರು?"

ಚೌಡಪ್ಪ ಮುಗ್ಧವಾಗಿ ತಲೆ ಎತ್ತಿದ. "ನಾವೇ ಹಾಕಿದ್ದು. ನಾನು, ಶ್ರೀಧರ. ಯಾಕೆ?"

ಆ "ಯಾಕೆ" ಇನ್ನೂ ನನ್ನ ಕಿವಿಯಲ್ಲಿದೆ. ಅದರಲ್ಲಿ ಕಳ್ಳತನ ಎಳ್ಳಷ್ಟೂ ಇರಲಿಲ್ಲ. ಶ್ರೀಧರನೂ ಬೆಪ್ಪಾಗಿ, "ಅದು ಕಾಯಲ್ವಾ ಮೇಡಮ್? ಕೆಮಿಕಲ್ ಅಲ್ಲಲ್ಲ!" ಎಂದ. ಇಬ್ಬರೂ ಕಾಡಿನ ಕಾಯಿಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಪ್ಯಾಕೆಟ್ಟಿನಲ್ಲಿ ಬರುವುದು ಮಾತ್ರ ವಿಷ ಎಂದು ನಂಬಿದ್ದರು. ಹಳ್ಳಕ್ಕೆ ಹೀಗೆ ಹಾಕುವುದು ಕಾನೂನಿಗೂ ತಪ್ಪು, ಕೆಳಗೆ ಕುಡಿಯುವವರಿಗೂ ದ್ರೋಹ ಎಂದು ನಾನು ರೇಗಿದೆ. ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಅಂಗಳವೇ ನಕ್ಕಿತು. ಶ್ರೀಧರ ವಿಡಿಯೊ ಅಳಿಸುತ್ತೇನೆಂದು ಹೇಳಿ ಎದ್ದ. ಬೀಗದ ಮಾತು ಅಲ್ಲಿಗೇ ಮುಗಿಯಿತು.

ಗಿರಿಜಮ್ಮ ಮಾತ್ರ ನಗಲಿಲ್ಲ. ನಳಿಗೆ ತೊಳೆಯಲು ನೀರು ಹನಿಸುತ್ತಾ ಮೆಲ್ಲಗೆ ಅಂದರು: "ಊರೋರು ನಂಬ್ಲಿಲ್ಲ ಅಂದ್ರೆ ಹೋಗ್ಲಿ ಮೇಡಮ್. ನಮ್ಮನೆಯೋರು ಹಾಕ್ಕಂಡಿರೋ ಅಂಗಿ ನಾನು ಇದೇ ಪುಡೀಲಿ ತೊಳ್ದಿದ್ದು. ಆ ಗುಂಡಿ ಮೀನು ತಂದ್ಕೊಟ್ಟಾಗ ಸಾರು ಮಾಡಿ ಬಡಿಸ್ದೋಳೂ ನಾನೇ. ಆದ್ರೂ ಒಂದ್ ಸಲ ಆದ್ರೂ, 'ಗಿರಿಜಾ, ನೀನು ಹಂಗೆ ಮಾಡೋಳಲ್ಲ' ಅನ್ಲಿಲ್ಲ."

ನಳಿಗೆಗಳನ್ನು ಒರೆಸಿ ಪೆಟ್ಟಿಗೆಗೆ ಹಾಕಿಕೊಂಡೆ.

ಬಸ್ಸಿನವರೆಗೂ ಪೆಟ್ಟಿಗೆ ಹೊತ್ತು ಬಂದವನು ಚೌಡಪ್ಪ. ಬಸ್ಸು ತಿರುವಿನಲ್ಲಿ ಕಂಡಾಗ, "ಮೇಡಮ್, ಇನ್ಮೇಲೆ ಕಾರೆ ಹಾಕಲ್ಲ. ನಾನು ನಿಜ್ವಾಗ್ಲೂ ಅವಳ ಪುಡಿದೇ ತಪ್ಪು ಅಂದ್ಕಂಡಿದ್ದೆ" ಎಂದ.

"ನಂಗೆ ಯಾಕೆ ಹೇಳ್ತೀರಿ? ಮನೆಗೆ ಹೋಗಿ ಅವರಿಗೆ ಹೇಳಿ."

"ಹೇಳ್ಬಹುದು. ಆದ್ರೆ ಅವಳು ಈಗ ನಂಬ್ತಾಳನ ಮೇಡಮ್?"

ಬಸ್ಸು ಬಂದು ನಿಂತಿತ್ತು. ಪೆಟ್ಟಿಗೆ ಇಸಿದುಕೊಂಡು ಹತ್ತಿಬಿಟ್ಟೆ.

ನೀರು ಕೆಟ್ಟಿದೆ ಎಂದರೆ ಮೊದಲು ಮೇಲಕ್ಕೆ ನಡೆದು ನೋಡಬೇಕು, ಕಾಡಿನದೋ ಪ್ಯಾಕೆಟ್ಟಿನದೋ ಎಂದು ಭೇದ ಮಾಡಬಾರದು ಎಂದು ಹೊಸದಾಗಿ ಬಂದವರಿಗೆಲ್ಲ ನಾನು ಹೇಳಿಕೊಟ್ಟೆ. ಅದು ಕೆಲಸ ಕಲಿಸಿದ ಪಾಠ. ಅವರು ಬರೆದುಕೊಂಡರು. ಇನ್ನೊಂದು ಪಾಠವನ್ನು ಹೇಳಿಕೊಡಲಿಲ್ಲ, ಹೇಗೆ ಹೇಳುವುದೆಂದು ಗೊತ್ತಾಗಲಿಲ್ಲ. ನನ್ನ ವರದಿ ಗಿರಿಜಮ್ಮನ ಪುಡಿಯನ್ನು ಊರಿನ ಕಣ್ಣಿನಲ್ಲಿ ನಿರ್ದೋಷಿ ಮಾಡಿತು. ಆದರೆ ಅವರು ಆ ದಿನಗಳಲ್ಲಿ ಕಾದದ್ದು ವರದಿಗಲ್ಲ, ವರದಿಗೆ ಮೊದಲೇ ಮನೆಯಲ್ಲಿ ಒಬ್ಬರು ಆಡಬೇಕಾಗಿದ್ದ ಮಾತಿಗೆ.