ಬೇವಿನ ಕವಲಿನಲ್ಲಿದ್ದ ಲೋಟ

ಬೆಳಿಗ್ಗೆ ಎಂದಿನಂತೆ ಹಾಲು ಕಾಯಿಸಿ, ಅತ್ತೆಯವರಿಗೆ ಚಹಾ ಕೊಟ್ಟು, ರೊಟ್ಟಿಗೆ ಹಂಚು ಇಟ್ಟಿದ್ದೆ. ಹಿತ್ತಲಲ್ಲಿ ಗರಗಸದ ಯಂತ್ರ ಶುರುವಾಯಿತು. ಸ್ವಲ್ಪ ಹೊತ್ತಿನಲ್ಲಿ ಹಸಿ ಬೇವಿನ ಕಹಿ ವಾಸನೆ ಅಡುಗೆಮನೆ ತುಂಬಿಕೊಂಡಿತು. ಹೊಸ ಮನೆ ಕಟ್ಟಲೆಂದು ಪೇರಲ, ನುಗ್ಗೆ ನಿನ್ನೆಯೇ ಹೋಗಿದ್ದವು. ಇಂದು ಬೇವಿನ ಸರದಿ.

"ಅಕ್ಕಾರ, ಇದು ನಿಮ್ಮದೇನ್ರಿ?" ಸಂಶಿಯಿಂದ ಬಂದಿದ್ದ ಗಿಡ ಕಡಿಯುವವನು ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಕವಲಿನ ತುಂಡು, ಅದರೊಳಗೊಂದು ಜರ್ಮನ್ ಲೋಟ, ಹಳೆಯ ಅಲ್ಯೂಮಿನಿಯಂನದು. ತೊಗಟೆ ಅದನ್ನು ಅರ್ಧ ನುಂಗಿತ್ತು. ಎಳೆದರೂ ಬರಲಿಲ್ಲ.

ಅದು ಅಕ್ಕನ ಲೋಟ... ನನ್ನ ನೆಗೆಣ್ಣಿ, ನಮ್ಮ ಮನೆಯವರ ಅಣ್ಣನ ಹೆಂಡತಿ. ನಾನು ಅಕ್ಕಾ ಎನ್ನುತ್ತಿದ್ದೆ.

ನಾನು ಸೊಸೆಯಾಗಿ ಬಂದಾಗ ಈ ಮನೆಯಲ್ಲಿ ಮುಟ್ಟಾದವರು ಮೂರು ದಿನ ಬೇವಿನ ಕೆಳಗೆ ಕೂಡುವ ಪದ್ಧತಿಯಿತ್ತು. ಮಕ್ಕಳು ಕೇಳಿದರೆ 'ಕಾಗಿ ಮುಟ್ಟೇತಿ' ಎನ್ನುತ್ತಿದ್ದರು. ತಾಟು ಬೇರೆ, ಲೋಟ ಬೇರೆ. ಲೋಟ ತೊಳೆದು ಕವಲಿಗೆ ಸಿಕ್ಕಿಸಿಡಬೇಕು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಹತ್ತಿರ ಕಲಿತ ನನಗೆ ಮೊದಲ ಸಲ ಅಲ್ಲಿ ಕೂತಾಗ ಅಳುವೇ ಬಂದಿತ್ತು. ಆ ಪದ್ಧತಿ ಸರಿಯೆಂದು ಇಂದಿಗೂ ಅನ್ನಿಸಿಲ್ಲ.

ಆದರೆ ಅಲ್ಲಿ ಕೂತಾಗ ಅಕ್ಕನ ಮುಖವೇ ಬೇರೆ. ಕಾಲು ಚಾಚಿ, ಜಾರಿದ ಸೆರಗನ್ನು ಎಳೆದುಕೊಳ್ಳದೆ, ಗಿಡದ ಮೇಲೆ ಕಾಗೆಗಳು ಜಗಳಾಡುವುದನ್ನು ನೋಡುತ್ತಿದ್ದರು. ಒಂದು ತಿಂಗಳು ಅವರಿಗೆ ಎರಡು ಸಲ ಕಾಗೆ ಮುಟ್ಟಿತು. ಮರು ತಿಂಗಳೂ ಹಾಗೆಯೇ. ನನಗೆ ಗಾಬರಿ. ದೂರದಿಂದ ತಾಟು ಸರಿಸುತ್ತ ಪಿಸುಗುಟ್ಟಿದೆ:

"ಅಕ್ಕಾ, ಹಿಂಗ ಆಗಬಾರದ್ರಿ. ಹುಬ್ಬಳ್ಳಿ ದವಾಖಾನಿಗೆ ಹೋಗೂಣ್ರಿ."

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. "ಏನೂ ಆಗಿಲ್ಲ ಬೇ ನನಗ! ಮನಿ ಮಂದಿಗೆಲ್ಲಾ ರೊಟ್ಟಿ ಬಡದು ಬಡದು ರಟ್ಟಿ ಬಿದ್ದಾವು. ಪಾಪ, ಕಾಗಿ ಮ್ಯಾಲ ಹಾಕಿ ಕುಂತೀನಿ. ಅತ್ತಿ ಮುಂದ ಬಾಯಿ ಬಿಟ್ಟೀ ಅಂದ್ರ ನೋಡ ಮತ್ತ!"

ನಾನು ಬಾಯಿ ಬಿಡಲಿಲ್ಲ. ಬರಬರುತ್ತ ನನಗೂ ಆ ಕಾಗೆಯ ಪರಿಚಯವಾಯಿತು. ಒಮ್ಮೆ ಇಬ್ಬರಿಗೂ ಒಟ್ಟಿಗೇ ಮುಟ್ಟಿ, ಅತ್ತೆಯವರು ಗೊಣಗುತ್ತ ತಾವೇ ರೊಟ್ಟಿ ಬಡಿದರು. ಬಡಿಯುವ ಸಪ್ಪಳ ಹಿತ್ತಲಿಗೆ ಕೇಳುತ್ತಿತ್ತು. ಬೇವಿನ ಬೊಡ್ಡೆಗೆ ಬೆನ್ನು ಕೊಟ್ಟು ಕೂತ ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ನಗು ತಡೆಯಲಾಗುತ್ತಿರಲಿಲ್ಲ...

ಅಕ್ಕ ತೀರಿಹೋಗಿ ಬಹಳ ವರ್ಷಗಳಾದವು. ಪದ್ಧತಿಯೂ ಹೋಯಿತು, ಒಳ್ಳೆಯದೇ ಆಯಿತು. ನಾನು ಮಾತ್ರ ಮಧ್ಯಾಹ್ನ ಸುಮ್ಮನೆ ಅಲ್ಲಿ ಹೋಗಿ ಕೂಡುತ್ತಿದ್ದೆ. ಹಳೆಯ ರೂಢಿಯೋ ಏನೋ, ಬೇವಿನ ಕೆಳಗಿದ್ದಾಗ ಯಾರೂ ನನ್ನನ್ನು ಕೆಲಸಕ್ಕೆ ಕರೆಯುತ್ತಿರಲಿಲ್ಲ. ಈ ಮನೆಯಲ್ಲಿ ಅಂಥ ಜಾಗ ಅದೊಂದೇ.

ಹೊಸ ಮನೆ ಹಿತ್ತಲ ಹಿಂದಿನ ಗೋಡೆಯವರೆಗೂ ಬರುತ್ತದೆ. ಆ ಕಡೆಗೆ ಕಿಟಕಿಯೂ ಇಲ್ಲ. ನಕ್ಷೆ ಹರಡಿದ ದಿನ "ಬೇವು ಒಂದು ಇರಲ್ರಿ" ಎಂದೆ. ನಮ್ಮ ಮನೆಯವರು ಕೆಟ್ಟವರಲ್ಲ. "ಯಾಕಂತ ಹೇಳು, ನಕಾಶಿ ಬದಲಸೂಣು" ಎಂದರು. ಬಾಯಿ ತೆರೆದೆ. ಎದುರಿಗೇ ಅತ್ತೆಯವರು ಶೇಂಗಾ ಸುಲಿಯುತ್ತಿದ್ದರು. 'ನನ್ನ ಹಿರೇ ಸೊಸಿ ಒಂದ ದಿನಾ ಸುಳ್ಳಾಡಿದಾಕಿ ಅಲ್ಲ' ಎಂದು ಬಂದವರಿಗೆಲ್ಲ ಹೇಳುವವರು.

"ನೆಳ್ಳಿಗೆ" ಎಂದೆ.

"ಅದಕ್ಕ ಸ್ಲ್ಯಾಬ್ ಬರ್ತೈತಲ್ಲ!"

ಅಲ್ಲಿಗೆ ಮುಗಿಯಿತು.

ಸಂಜೆ ಹಿತ್ತಲು ಬಯಲಾಗಿತ್ತು. ಲೋಟವಿದ್ದ ತುಂಡನ್ನು ಸೌದೆಗೆ ಸೇರಿಸಲು ಬಿಡಲಿಲ್ಲ. ಹೊಸ ಮನೆಯಲ್ಲಿ ಅದನ್ನು ಎಲ್ಲಿಡುವುದೋ ತಿಳಿಯದೆ ಕೈಯಲ್ಲೇ ಹಿಡಿದು ನಿಂತಿದ್ದೆ. ಗಿಡವಿದ್ದ ಕಡೆ ಕಾಗೆಗಳು ಕೂಗುತ್ತ ಸುತ್ತುತ್ತಿದ್ದವು. ಗೋಡೆಯಾಚೆ ಬಟ್ಟೆ ತೆಗೆಯುತ್ತಿದ್ದ ಬಾಜೂ ಮನೆಯಾಕೆ, ನಾನು ಮೇಲೆ ನೋಡುತ್ತಿದ್ದುದನ್ನು ಕಂಡು ಹೇಳಿದಳು:

"ಅವಕ್ಕೇನ ಬಿಡ್ರಿ, ಈ ಗಿಡಾ ಇಲ್ಲಂದ್ರ ಇನ್ನೊಂದು ಗಿಡಾ."