ಕೊಂಡ ಹೂವು, ಕೊಟ್ಟ ಹೂವು

ನಮ್ಮಲ್ಲಿ ಸಂಜೆ ಬುದ್ಧನ ಮುಂದೆ ಹೂವಿಟ್ಟು, ದೀಪ ಹಚ್ಚಿ, ಕಣ್ಣು ಮುಚ್ಚಿ ನಾಲ್ಕು ಜನರಿಗೆ ಒಳ್ಳೆಯದನ್ನು ಬಯಸುವ ಅಭ್ಯಾಸ. ಮೊದಲು ನನಗೆ. ಆಮೇಲೆ ನಾನು ಪ್ರೀತಿಸುವವರಿಗೆ. ಮೂರನೆಯದು ಪ್ರೀತಿಯೂ ಇಲ್ಲದ ದ್ವೇಷವೂ ಇಲ್ಲದ ಯಾರೋ ಒಬ್ಬರಿಗೆ, ಬಸ್ಸಿನ ಕಂಡಕ್ಟರೋ, ಮೆಡಿಕಲ್ ಶಾಪಿನವನೋ. ಕೊನೆಯದು ನನ್ನನ್ನು ನೋಯಿಸಿದವರಿಗೆ. ಮದುವೆಯಾದಾಗಿನಿಂದ ಆ ಕೊನೆಯ ಜಾಗ ನನ್ನ ಅತ್ತೆಯದು. ಅಲ್ಲಿಗೆ ಬಂದಾಗ ನನ್ನ ಉಸಿರು ತಪ್ಪುತ್ತಿತ್ತು. ಹಲ್ಲು ಕಚ್ಚಿಕೊಂಡು, 'ಅವರೂ ಸುಖವಾಗಿರಲಿ' ಎಂದು ಮುಗಿಸಿ ಎದ್ದುಬಿಡುತ್ತಿದ್ದೆ.

ನಾನು ಜಯನಗರದ ಪಕ್ಕದ ಸಿದ್ದಾಪುರದವಳು. ಊರಾಚೆಯ ಕೇರಿಯಿಂದ ಬಂದ ನಮ್ಮ ತಾತ ದೇವರನ್ನೂ ಜಾತಿಯನ್ನೂ ಒಂದೇ ದಿನ ಬಿಟ್ಟು ಬೌದ್ಧರಾದವರು. ಈಗ ಧ್ಯಾನ ಶಿಬಿರಕ್ಕೆ ಹೋಗಿ ಬಂದು, ಬಾಲ್ಕನಿಯಲ್ಲಿ ಬುದ್ಧನ ತಲೆಯೊಂದನ್ನೇ ಕುಂಡದ ಪಕ್ಕ ಇಟ್ಟುಕೊಳ್ಳುವವರನ್ನು ಕಂಡರೆ ನನಗೆ ನಗು ಬರುತ್ತದೆ. ಅವರಿಗೆ ಅದು ಶಾಂತಿ. ನಮಗೆ ಅದು ಬೆನ್ನು ನೆಟ್ಟಗೆ ಮಾಡಿಕೊಂಡು ನಡೆಯುವ ಧೈರ್ಯ. ಅಮ್ಮ, ಚಿಕ್ಕಮ್ಮ ಇಬ್ಬರೂ ಹೂವು ಕಟ್ಟಿ ಮಾರಿ ನನ್ನನ್ನು ಓದಿಸಿದರು. ಬಾಳೆನಾರು ನೆನೆಸಿ, ಎರಡು ಮಲ್ಲಿಗೆ ಮೊಗ್ಗಿಗೆ ಒಂದು ಎಸಳು ಮರುಗ ಸೇರಿಸಿ ಬಿಗಿಯುವುದು ನನಗೆ ಮಗ್ಗಿಗಿಂತ ಮೊದಲು ಬಂತು. ಈಗ ಜೆ.ಪಿ. ನಗರದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ.

ಪ್ರೀತಿಸಿ ಮದುವೆಯಾದೆ. ಗಂಡನದು ಶಿವಭಕ್ತರ ಮನೆತನ, ಜಯನಗರದಲ್ಲಿ ಪಾತ್ರೆ ಅಂಗಡಿ, ಬನಶಂಕರಿಯಲ್ಲಿ ಎರಡಂತಸ್ತಿನ ಮನೆ. ಕೆಳಗೆ ಅತ್ತೆ, ಮೇಲೆ ನಾವು. ಅವರ ನಡುಮನೆಯ ಗೋಡೆಯ ತುಂಬ ಜಾತಿ ಬೇಡವೆಂದ ಶರಣರ ಪಟಗಳು. ಪಟಗಳಿಗೆ ದಿನಾ ಹೂವು. ರಿಜಿಸ್ಟರ್ ಮದುವೆಯ ಊಟದಲ್ಲಿ ಅವರ ಕಡೆಯ ಹೆಂಗಸೊಬ್ಬಳು ನನಗೆ ಕೇಳುವ ಹಾಗೆಯೇ, "ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯ್ತು" ಅಂದಳು. ನಾರಿಲ್ಲದಿದ್ದರೆ ನಿಮ್ಮ ಹೂವು ಬರೀ ಕಸ ಕಣಮ್ಮ ಎಂದು ಬಾಯಿಗೆ ಬಂದದ್ದನ್ನು ಪಾಯಸದ ಜೊತೆ ನುಂಗಿದೆ.

ಹೊಸದರಲ್ಲಿ ಒಂದು ಬೆಳಿಗ್ಗೆ ಆಸೆಪಟ್ಟು ಒಂದು ಮೊಳ ಮಲ್ಲಿಗೆ ಕಟ್ಟಿ, ತಟ್ಟೆಯಲ್ಲಿಟ್ಟು ಅತ್ತೆಗೆ ಕೊಟ್ಟೆ. ಅವರು ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕೂತಿದ್ದರು. ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಗುತ್ತಿತ್ತು. ನಗುತ್ತಲೇ, "ಪೂಜೆಗೆ ಬರಲ್ಲಮ್ಮ, ಅಲ್ಲಿ ಗಿಡದ ಬುಡಕ್ಕೆ ಹಾಕ್ಬಿಡು" ಅಂದರು. ಹಾಕಿದೆ. ಗಂಡನಿಗೆ ಹೇಳಿದರೆ, "ಹಳೇ ಕಾಲದವ್ರು, ಬಿಡು. ನಿಧಾನಕ್ಕೆ ಸರಿ ಹೋಗ್ತಾರೆ" ಅಂದ. ಒಳ್ಳೆಯವನು ನನ್ನ ಗಂಡ. ಎಲ್ಲರಿಗೂ ಒಳ್ಳೆಯವನು, ಅದೇ ತೊಂದರೆ. ಆವತ್ತೇ ನನಗೆ ಹಟ ಹಿಡಿಯಿತು. ನನ್ನ ಕೈಯ ಹೂವು ಈ ಮನೆಯ ಪೂಜೆಗೆ ಏರಬೇಕು. ಅದಾಗದೆ ನಾನು ಈ ಮನೆಯವಳಲ್ಲ.

ಅತ್ತೆ ಹೂವು ಕೊಳ್ಳುತ್ತಿದ್ದದ್ದು ಬೀದಿ ಮೂಲೆಯ ತಳ್ಳುಗಾಡಿಯಲ್ಲಿ. ಅದು ನನ್ನ ಚಿಕ್ಕಮ್ಮನ ಗಾಡಿ. ಯಾರ ಕೈ ಕಟ್ಟಿದ್ದು ಎಂದು ಅತ್ತೆ ಒಂದು ದಿನವೂ ಕೇಳಿದವರಲ್ಲ. ಮರುವಾರದಿಂದ ನಾನು ಬೆಳಿಗ್ಗೆ ಬೇಗ ಎದ್ದು ಕಟ್ಟಿ, ಶಾಲೆಗೆ ಹೋಗುವಾಗ ಮಾಲೆಯನ್ನು ಚಿಕ್ಕಮ್ಮನ ಬುಟ್ಟಿಗೆ ಹಾಕತೊಡಗಿದೆ. "ಯಾಕವ್ವ ಈ ಕಳ್ಳಾಟ?" ಅಂದಳು ಚಿಕ್ಕಮ್ಮ. ಆದರೂ ಅದನ್ನೇ ಎತ್ತಿ ಅತ್ತೆಗೆ ಕೊಡುತ್ತಿದ್ದಳು. ಸಂಜೆ ಬಂದು ನೋಡಿದರೆ ನನ್ನ ಮಲ್ಲಿಗೆ ಶರಣರ ಕೊರಳಲ್ಲಿ. ಅತ್ತೆ ನೆಂಟರಿಗೆಲ್ಲ, "ಆ ಗಾಡಿಯವಳ ಕಟ್ಟು ನೋಡಿ, ಎಷ್ಟು ಒತ್ತೊತ್ತಾಗಿದೆ" ಎಂದು ಹೊಗಳುವಾಗ ನಾನು ಕಾಫಿ ಲೋಟ ತೊಳೆಯುತ್ತ ಒಳಗೊಳಗೇ ಮೆರೆಯುತ್ತಿದ್ದೆ. ಹೀಗೇ ವರ್ಷಗಳು ಕಳೆದವು. ಗೆದ್ದೆ ಅಂದುಕೊಂಡಿದ್ದೆ. ಹೊರಗೆ ಹೇಳಲಾಗದ ಗೆಲುವು, ಅಷ್ಟೇ.

ಹೋದ ವರ್ಷ ಅತ್ತೆ ಬಾತ್‌ರೂಮಿನಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ನಾನೇ ಶಾಲೆಗೆ ರಜೆ ಹಾಕಿ ನೋಡಿಕೊಂಡೆ. ಬೆಡ್‌ಪ್ಯಾನ್ ಇಡುವವಳು ನಾನು, ತೆಗೆಯುವವಳು ನಾನು. ಬಿಸಿನೀರಲ್ಲಿ ಬಟ್ಟೆ ಅದ್ದಿ ಮೈ ಒರೆಸುವವಳೂ ನಾನೇ. ನಾನು ಒರೆಸಿದ ಹಣೆಗೆ ವಿಭೂತಿ ಬಿದ್ದ ಕೂಡಲೇ, "ಸ್ವಲ್ಪ ಆ ಕಡೆ ಹೋಗಮ್ಮ" ಅನ್ನುವರು. ಹೇಲಿಗೆ ಆಗುವ ಕೈ ಹೂವಿಗೆ ಆಗುತ್ತಿರಲಿಲ್ಲ. ಹೂವನ್ನು ಮಾತ್ರ ಚಿಕ್ಕಮ್ಮ ಗೇಟಿನ ಹತ್ತಿರ ನನ್ನ ಕೈಯಿಂದ ಇಸಿದುಕೊಂಡು, ಕಿಟಕಿಯ ಕಂಬಿಗೆ ಸಿಕ್ಕಿಸಿ ಹೋಗುತ್ತಿದ್ದಳು. ಮಂಚದಲ್ಲಿ ಒರಗಿದ ಅತ್ತೆ ಕೈ ಚಾಚಿ ತೆಗೆದುಕೊಳ್ಳುವರು.

ಒಂದು ಸೋಮವಾರ ಚಿಕ್ಕಮ್ಮ ಬರಲಿಲ್ಲ. ಮಗಳ ಬಾಣಂತನಕ್ಕೆಂದು ತಲಘಟ್ಟಪುರಕ್ಕೆ ಹೋಗಿದ್ದಳು. ಅತ್ತೆ ವಿಭೂತಿ ಧರಿಸಿ, ಕಿಟಕಿ ನೋಡಿ ನೋಡಿ ಚಡಪಡಿಸುತ್ತಿದ್ದರು. ಕಟ್ಟಿದ ಮಾಲೆ ಮೇಲೆ ನನ್ನ ಅಡುಗೆಮನೆಯಲ್ಲೇ ಇತ್ತು. ತಂದು ಮುಂದೆ ಹಿಡಿದೆ.

"ಇದೇನು, ಬುದ್ಧಂಗಾ? ಮೇಲೆ ತಗೊಂಡ್ಹೋಗು."

ನನ್ನ ತಾಳ್ಮೆ ಕಿತ್ತುಹೋಯಿತು. "ಅತ್ತೆ, ನೀವು ಇಷ್ಟು ವರ್ಷ ದೇವರಿಗೆ ಹಾಕಿದ್ದೆಲ್ಲ ಇದೇ. ಗಾಡಿಯವಳು ನನ್ನ ಚಿಕ್ಕಮ್ಮ. ಕಟ್ಟಿದೋಳು ನಾನು. ಇದೇ ಕೈ!"

ಅವರ ಮುಖ ಕಪ್ಪಿಡುವುದನ್ನು ನೋಡಲು ಕಾದೆ. ಎಷ್ಟು ವರ್ಷದ ಆಸೆ ಅದು, ಮುಚ್ಚಿಟ್ಟು ಏನು ಪ್ರಯೋಜನ? ಆ ಮುದುಕಿ ಸೋಲುವುದನ್ನು ನನಗೆ ಕಣ್ಣಾರೆ ನೋಡಬೇಕಿತ್ತು.

"ಗೊತ್ತಲ್ಲ," ಅಂದರು ಅತ್ತೆ.

ದಿಂಬು ಸರಿಮಾಡಿಕೊಂಡರು. "ನಿಮ್ಮ ಮದುವೆ ಫೋಟೋದಲ್ಲಿ ನಿನ್ನ ಪಕ್ಕದಲ್ಲೇ ಅವಳು ನಿಂತಿಲ್ವಾ? ಮೇಲೆ ನಾರು ನೆನೆಹಾಕೋದು ನನಗೆ ಕಾಣಲ್ವಾ? ಮೊದಲ ದಿನದಿಂದ ಗೊತ್ತು."

"ಮತ್ತೆ?"

"ಮತ್ತೇನು? ದುಡ್ಡು ಕೊಟ್ಟು ತಗೊಂಡ್ರೆ ಅದು ನನ್ನ ಹೂವು. ಯಾರು ಕಟ್ಟಿದ್ರೆ ನನಗೇನು? ನೀನು ಸುಮ್ನೆ ಕೊಟ್ಟು ನಾನು ತಗೊಂಡ್ರೆ, ನೀನು ನನ್ನ ಸೊಸೆ ಆಗ್ಬಿಡ್ತೀಯ. ಅದು ನನ್ನ ಕೈಲಿ ಆಗಲ್ಲಮ್ಮ." ಸಿಟ್ಟಿಲ್ಲ, ನಾಚಿಕೆ ಇಲ್ಲ. ಸಕ್ಕರೆ ಬೇಡ, ಡಯಾಬಿಟಿಸ್ ಇದೆ ಅನ್ನುವ ದನಿಯಲ್ಲೇ ಹೇಳಿದರು.

ನನ್ನದು ಗೆಲುವು ಅಂದುಕೊಂಡದ್ದು ಅವರ ಪಾಲಿಗೆ ಬರೀ ವ್ಯಾಪಾರವಾಗಿತ್ತು. ಬೆಳಗಿನ ನಿದ್ದೆ ಬಿಟ್ಟು ನಾನು ಕಟ್ಟಿದ್ದು ಪ್ರೀತಿಯೋ ಹಟವೋ ನನಗೇ ಗೊತ್ತಿಲ್ಲ. ಎರಡೂ ಇತ್ತೇನೋ. ಅದರಲ್ಲಿ ಒಂದನ್ನೂ ಅವರು ಮುಟ್ಟಿರಲಿಲ್ಲ.

ಅಳು ಬಂತು. ಇವರ ಮುಂದೆ ಅಳಬಾರದು ಅನ್ನಿಸಿತು. ಕೈ ಚಾಚಿ, ಚಿಕ್ಕಮ್ಮ ಗಿರಾಕಿಗಳಿಗೆ ಹೇಳುವ ಹಾಗೆಯೇ, "ಮೊಳ ಐವತ್ತು, ಆಂಟಿ" ಅಂದೆ.

ನಾಚುತ್ತಾರೆ ಅಂದುಕೊಂಡೆ. ಅವರು ದಿಂಬಿನ ಕೆಳಗೆ ಕೈಯಾಡಿಸಿ ಪರ್ಸು ತೆಗೆದರು. ಅರ್ಧ ಗಂಟೆಯ ಹಿಂದೆ ನನ್ನ ಹೆಗಲಿಗೆ ಜೋತುಬಿದ್ದು ಎದ್ದು ಕೂತಿದ್ದ ಆ ಕೈ, ನೋಟನ್ನು ಗೇಣೆತ್ತರದಿಂದ ನನ್ನ ಅಂಗೈಗೆ ಬಿಟ್ಟಿತು, ಬೆರಳು ತಾಗದ ಹಾಗೆ. ಮಾಲೆಯನ್ನು ಕಿಟಕಿಯ ಕಂಬಿಗೆ ಸಿಕ್ಕಿಸಿದೆ. ಅವರು ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಲಿಂಗದ ಮೇಲಿಟ್ಟರು. "ಮರುಗ ಇನ್ನೂ ಸ್ವಲ್ಪ ಜಾಸ್ತಿ ಹಾಕ್ಬಹುದಿತ್ತು" ಎಂದೂ ಅಂದರು.

ಗಂಡನಿಗೆ ನಾನು ಏನೂ ಹೇಳಲಿಲ್ಲ. ಹೇಳಿದ್ದರೆ ನಿಧಾನಕ್ಕೆ ಸರಿ ಹೋಗ್ತಾರೆ ಅನ್ನುತ್ತಿದ್ದ.

ಸಂಜೆ ದೀಪ ಹಚ್ಚಿದೆ. ಹಿಂದಿನ ಸಂಜೆ ಇಟ್ಟ ಹೂವು ಬುದ್ಧನ ಮುಂದೆ ಅಂಚು ಕಂದಿ ಬಾಡಿತ್ತು. ನಾವು ಹೂವಿಡುವುದೇ ಅದು ಬಾಡುವುದನ್ನು ನೋಡಲಿಕ್ಕೆ. ಕಣ್ಣು ಮುಚ್ಚಿ ನನಗೆ ಬಯಸಿದೆ, ಗಂಡನಿಗೆ ಬಯಸಿದೆ. ಮೂರನೆಯ ಜಾಗಕ್ಕೆ, ಯಾರೋ ಒಬ್ಬರ ಜಾಗಕ್ಕೆ, ಅತ್ತೆಯ ಮುಖ ತಾನಾಗಿ ಬಂತು. 'ಸುಖವಾಗಿರಲಿ' ಅಂದೆ. ಉಸಿರು ತಪ್ಪಲಿಲ್ಲ.